ಕಿವಿ ಬೇಡದ ಲಾರಿ

"ಇಂಜಿನ್ ತೆಗೆದ್ಬುಡಿ ಅಳಿಯಂದ್ರೇ, ಕರೆಂಟಿನ ಮೋಟರು ಕೂರಿಸೋಣ," ಎಂದರು ಸಿದ್ದಲಿಂಗಸ್ವಾಮಿ, ಮೊಳದುದ್ದದ ರಿಮೋಟ್ ಲಾರಿಯನ್ನು ಮೇಜಿನ ಮೇಲೆ ಅಂಗಾತ ಮಲಗಿಸುತ್ತ.

ಅಳಿಯ ಅಮರೇಶ್ ಕಡಕೊಳದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಅವನು ಲಾರಿ ಬಿಟ್ಟು ಮಾವನ ಮುಖ ನೋಡಿದ. ಮಾವನ ತಮ್ಮನ ಮಗ ಮಸ್ಕತ್ತಿನಿಂದ ತಂದುಕೊಟ್ಟ ಲಾರಿ ಅದು. ನೈಟ್ರೋ ಎಂಬ ಘಾಟು ಎಣ್ಣೆ ಕುಡಿದು, ಹೊಗೆ ಉಗುಳುತ್ತ, ಬೀದಿಯೆಲ್ಲ ಕೇಳುವಂತೆ ಅರಚುತ್ತ ಓಡುತ್ತಿತ್ತು. ಅದರ ಇಂಜಿನನ್ನು ಮಾವ ನಾಲ್ಕು ವರ್ಷ ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

"ಯಾಕೆ ಮಾವ? ಚೆನ್ನಾಗೇ ಓಡ್ತಿತ್ತಲ್ಲ."

"ಸಂಡಿಗೆಗೆಲ್ಲ ಹೊಗೆ ವಾಸನೆ ಅಂತಾಳೆ ನಿಮ್ಮತ್ತೆ."

"ನಾನೆಲ್ಲಿ ಅಂದೆ?" ಅಡುಗೆಮನೆಯಿಂದ ಪುಟ್ಟಬಸಮ್ಮನ ದನಿ ಬಂತು. "ಸಂಡಿಗೆ ಇಟ್ಟು ಎರಡು ವರ್ಷ ಆಯ್ತು ಕಣ್ರೀ!"

ಸಿದ್ದಲಿಂಗಸ್ವಾಮಿ ಲಾರಿಯ ಸ್ಕ್ರೂ ಬಿಚ್ಚತೊಡಗಿದರು. ಅಮರೇಶ್ ಅದನ್ನು ಹಠ ಎಂದುಕೊಂಡ. ಅವರಿಗೆ ಹೆಂಡತಿಯ ಮಾತು ಕೇಳಿಸಿರಲಿಲ್ಲ, ಅಷ್ಟೇ.

ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಅವರು ಮೆಕ್ಯಾನಿಕ್. ಬಸ್ಸು ಗೇಟಿನೊಳಗೆ ಬರುತ್ತಿದ್ದಂತೆ, ಟೀ ಲೋಟದಿಂದ ತಲೆ ಎತ್ತದೆ, "ಮೂರನೇ ಇಂಜೆಕ್ಟರು" ಎನ್ನುತ್ತಿದ್ದರು. ಬಿಚ್ಚಿದರೆ ಕೆಟ್ಟಿರುತ್ತಿದ್ದದ್ದು ಮೂರನೆಯದೇ. ನಿವೃತ್ತರಾದ ಮೇಲೆ, ರಾಮಕೃಷ್ಣನಗರದ ಖಾಲಿ ಮೈದಾನದಲ್ಲಿ ಭಾನುವಾರ ಇಂಥ ಗಾಡಿ ಓಡಿಸುವ ಐದಾರು ಜನ ತಮ್ಮ ಇಂಜಿನ್ನುಗಳನ್ನು ಅವರ ಕಿವಿಯ ಮುಂದೆ ತಂದು ಹಿಡಿಯುತ್ತಿದ್ದರು. ಅವರು ಆಲಿಸಿ, ಸ್ಕ್ರೂ ಒಂದನ್ನು ಕಾಲು ಸುತ್ತು ತಿರುಗಿಸಿ ವಾಪಸು ಕೊಡುತ್ತಿದ್ದರು. ಹೋದ ವರ್ಷದಿಂದ ಆ ಕಿವಿಗಳಲ್ಲಿ ದಪ್ಪ ದನಿಗಳಷ್ಟೇ ಉಳಿದಿದ್ದವು. ಸಣ್ಣ, ಕೀರಲು ಶಬ್ದಗಳೆಲ್ಲ ಹೇಳದೆ ಕೇಳದೆ ಹೊರಟುಹೋಗಿದ್ದವು, ಹೆಂಡತಿಯ ದನಿಯೂ ಸೇರಿ. ಎದುರಿಗಿದ್ದವರ ತುಟಿ ನೋಡಿ ಮಿಕ್ಕಿದ್ದನ್ನು ಅವರು ಹೊಂದಿಸಿಕೊಳ್ಳುತ್ತಿದ್ದರು. ಯಾರಿಗೂ ಹೇಳಿರಲಿಲ್ಲ. ತಿಂಗಳ ಹಿಂದೆ ಆ ಐದಾರು ಜನರಲ್ಲೊಬ್ಬನಾದ ಕಂಟ್ರಾಕ್ಟರ್ ಮಹದೇವುವಿನ ಗಾಡಿ ಅವರ ಕಾಲು ಸುತ್ತಾದ ಮೇಲೆ ಕಾದು, ಜಾಮ್ ಆಗಿ ನಿಂತಿತು. "ನಿನ್ನ ಎಣ್ಣೇನೇ ಕಲಬೆರಕೆ" ಎಂದರು. ಮಹದೇವು ನಂಬಿದ. ಎರಡನೇ ಸಲ ನಂಬುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮೋಟರಿಗಾದರೆ ಯಾರ ಕಿವಿಯೂ ಬೇಕಿಲ್ಲ. ಇಂಜಿನ್ ಹಿಡಿದು ಬಂದವರಿಗೆ "ಅದನ್ನೆಲ್ಲ ಬಿಟ್ಬುಟ್ಟೆ ಕಣಪ್ಪ" ಎಂದರೆ ಮುಗಿಯಿತು.

ಕೆಲಸ ಎರಡು ವಾರ ಹಿಡಿಯಿತು. ಇಂಜಿನ್, ಎಣ್ಣೆ ಡಬ್ಬಿ, ಸೈಲೆನ್ಸರ್ ಕಳಚಿ ಬಿಸ್ಕತ್ತಿನ ಡಬ್ಬಿ ಸೇರಿದವು. ಮೋಟರು ಬೆಂಗಳೂರಿನಿಂದ ಕೊರಿಯರಿನಲ್ಲಿ ಬಂತು. ಅದನ್ನು ಕೂರಿಸಲು ಅಮರೇಶ್ ಅಲ್ಯುಮಿನಿಯಂ ಪಟ್ಟಿ ಕೊರೆದು ತಂದ. ಕೊನೆಗೆ ಉಳಿದದ್ದು ಮೋಟರಿನ ಪುಟ್ಟ ಗೇರನ್ನು ಲಾರಿಯ ದೊಡ್ಡ ಗೇರಿಗೆ ಕೂಡಿಸುವುದು. ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಇರಬೇಕು. ಅಮರೇಶ್ ಹಳೆಯ ಪೇಪರಿನಿಂದ ಒಂದು ಪಟ್ಟಿ ಹರಿದ.

"ಇದನ್ನ ನಡುವೆ ಇಟ್ಟು ಟೈಟ್ ಮಾಡಿ, ಆಮೇಲೆ ಎಳೆದ್ಬುಟ್ರೆ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ ಮಾವ."

"ಸ್ವಾಮ್ಯೋರ ಕಿವಿ ಇರೋವಾಗ ಪೇಪರ್ ಯಾಕ್ ಸಾರ್?" ಎಂದ, ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಮಹದೇವು.

ಸಿದ್ದಲಿಂಗಸ್ವಾಮಿ ಅವನ ತುಟಿ ನೋಡುತ್ತಿದ್ದರು. ಕಾಗದದ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಬ್ಯಾಟರಿ ಇನ್ನೂ ಚಾರ್ಜಿಗೆ ಇತ್ತು. ಡಿಪೋದಲ್ಲಿ ಮಾಡುತ್ತಿದ್ದಂತೆ ಸ್ಕ್ರೂಡ್ರೈವರಿನ ತುದಿಯನ್ನು ಗೇರಿನ ಪಕ್ಕಕ್ಕೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಇನ್ನೊಂದು ಕೈಯಿಂದ ಚಕ್ರ ತಿರುಗಿಸಿದರು. ಹಿಡಿ ಕೆನ್ನೆಗೆ ತಣ್ಣಗಿತ್ತು. ಬೇರೇನೂ ಇರಲಿಲ್ಲ. ಸ್ಕ್ರೂಗಳನ್ನು ಬಿಗಿದು, "ಬೆಣ್ಣೆ" ಎಂದರು.

"ಎಂಗೆ!" ಎಂದ ಮಹದೇವು ಅಮರೇಶನಿಗೆ.

ಭಾನುವಾರ ಬೆಳಿಗ್ಗೆ, ಹೊಗೆಯಿಲ್ಲವೆಂದು, ನಾಲ್ಕು ವರ್ಷಗಳಲ್ಲಿ ಮೊದಲ ಸಲ ಪುಟ್ಟಬಸಮ್ಮನೂ ಮೈದಾನಕ್ಕೆ ಬಂದರು. "ಲಾರಿನ ಮಿಕ್ಸಿ ಮಾಡ್ಬುಟ್ರಿ ಸ್ವಾಮ್ಯೋರೇ, ಚಟ್ನಿ ರುಬ್ಬಬೋದಾ?" ಎಂದು ಮಹದೇವು ರೇಗಿಸಿದ. ಸಿದ್ದಲಿಂಗಸ್ವಾಮಿ ನಕ್ಕು, ಎಲ್ಲರಿಗಿಂತ ನಾಲ್ಕು ಹೆಜ್ಜೆ ಮುಂದೆ ನಿಂತು, ರಿಮೋಟಿನ ಗುಂಡಿ ಒತ್ತಿದರು. ಲಾರಿ ಚಿಮ್ಮಿತು. ಕೆಮ್ಮಣ್ಣು ಎರಚುತ್ತ, ಕಲ್ಲುಗಳ ಮೇಲೆ ಹಾರುತ್ತ, ಮೈದಾನದ ಆ ತುದಿಗೆ ಹೋಗಿ ಹೊರಳಿತು. ಒಂದಿಷ್ಟೂ ಸದ್ದಿಲ್ಲ. ಈಗ ಎಲ್ಲರಿಗೂ ತಮಗೆ ಕೇಳಿಸಿದಷ್ಟೇ ಕೇಳಿಸುತ್ತಿದೆ ಎಂದುಕೊಂಡರು. ಒಂದು ವರ್ಷದಲ್ಲಿ ಇಷ್ಟು ನಿರಾಳವಾಗಿ ಅವರು ಎಲ್ಲೂ ನಿಂತಿರಲಿಲ್ಲ. ಗುಂಡಿಯನ್ನು ಪೂರ್ತಿ ಒತ್ತಿ ಹಿಡಿದು, ಮೆಚ್ಚುಗೆ ನೋಡಲೆಂದು ಹಿಂದಕ್ಕೆ ತಿರುಗಿದರು.

ಅಮರೇಶ್ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿದ್ದ. ಪುಟ್ಟಬಸಮ್ಮ ಸೆರಗನ್ನು ಉಂಡೆ ಮಾಡಿ ಕಿವಿಗೆ ಒತ್ತಿಕೊಂಡು ಏನೋ ಕೂಗುತ್ತಿದ್ದರು. ಬೀದಿನಾಯಿಯೊಂದು ಬಾಲ ಮುದುರಿ ಓಡುತ್ತಿತ್ತು. ಗೇರಿನ ಹಲ್ಲುಗಳು ತೀರ ಬಿಗಿಯಾಗಿ ಕೂತು ಕಿರುಚುತ್ತಿವೆಯೆಂದು ಸಿದ್ದಲಿಂಗಸ್ವಾಮಿಗೆ ತಿಳಿದದ್ದು ಆ ಕೈಗಳನ್ನು ನೋಡಿ. ಮಹದೇವುವೂ ಕಿವಿ ಮುಚ್ಚಿಕೊಂಡಿದ್ದ. ಅವನು ಲಾರಿಯನ್ನು ನೋಡುತ್ತಿರಲಿಲ್ಲ. ಅವರನ್ನೇ ನೋಡುತ್ತಿದ್ದ.

ಸಿದ್ದಲಿಂಗಸ್ವಾಮಿ ಒಂದು ಕ್ಷಣ ಯೋಚಿಸಿದರು. ಆಮೇಲೆ ರಿಮೋಟನ್ನು ಬೇಗಬೇಗ ನೆಲದ ಮೇಲಿಟ್ಟು, ತಾವೂ ಎರಡೂ ಕಿವಿಗಳನ್ನು ಭದ್ರವಾಗಿ ಮುಚ್ಚಿಕೊಂಡು, ತಡೆಯಲಾರದವರಂತೆ ಕಣ್ಣು ಮುಚ್ಚಿ ಮುಖ ಕಿವುಚಿದರು.

ಗುಂಡಿಯಿಂದ ಬೆರಳು ತೆಗೆದ ಕೂಡಲೇ ಲಾರಿ ನಿಂತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಕೈ ಇಳಿಸಿದರು. ಆ ನಿಶ್ಶಬ್ದದಲ್ಲಿ ಅವರೊಬ್ಬರೇ ಕಿವಿ ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು ನಿಂತೇ ಇದ್ದರು.