ಬಾಣಂತಿ ಹಾಸಿಗೆ

ಆಮೆ ಹಿಂಗಾಲಿನಿಂದ ಪೆಟ್ಟಿಗೆಯ ತಳವನ್ನು ಕೆರೆಯುತ್ತಲೇ ಇತ್ತು. ಮುನಿಕೆಂಪಮ್ಮ ಅದರ ಕೆಳಗೆ ಇನ್ನೊಂದು ಹಿಡಿ ರಾಗಿಹುಲ್ಲು ತುರುಕಿ, "ಒತ್ತುತ್ತಾ ತಾಯಿ? ಇನ್ನೂ ಮೆತ್ತಗೆ ಬೇಕಾ?" ಎಂದಳು. ಸಾಕಿದ ಆಮೆ ಮೊಟ್ಟೆ ಹೊತ್ತಿದೆ ಅಂತ ತಿಳಿದದ್ದೇ, ಸೀಮೆಣ್ಣೆ ಡಬ್ಬದ ಹಳೇ ಮರದ ಪೆಟ್ಟಿಗೆಯಲ್ಲಿ ಹೆರಿಗೆಗೆ ಬಂದ ಮಗಳಿಗೆ ಮಾಡುವಂತೆ ಹಾಸಿಗೆ ಮಾಡಿದ್ದಳು: ಕೆಳಗೆ ಯಶವಂತಪುರದ ಸಾಮಿಲ್ಲಿನ ಮರದ ಹೊಟ್ಟು, ಮೇಲೆ ಹುಲ್ಲು, ಅದರ ಮೇಲೆ ತನ್ನದೇ ಸೀರೆಯ ತುಂಡು.

"ಮಣ್ಣಾಕು ಅಂತ ಅವತ್ತೇ ಬಡ್ಕೊಂಡೆ," ಎಂದ ಗಂಡ ಆವಲಪ್ಪ.

"ನಿಮ್ಮವ್ವನ್ನ ಬಾಣಂತನ್ದಲ್ಲಿ ಮಣ್ಮೇಲೆ ಮಲಗ್ಸಿದ್ರಾ? ಸೀತ ಆಗಕಿಲ್ವಾ?"

"ನಮ್ಮವ್ವ ಆಮೆಯೇನೇ?"

ಅವಳು ನಗುವಷ್ಟರಲ್ಲಿ ಸೀರೆಯ ತುಂಡು ಒದ್ದೆಯಾಯಿತು. ಆಮೆಯನ್ನೆತ್ತಿ ನೋಡಿದರೆ ಅಡಿಯಲ್ಲಿ ನಾಲ್ಕು ಮೊಟ್ಟೆ. ನಾಲ್ಕೂ ಒಡೆದಿದ್ದವು. ಗುಂಡಿ ತೋಡಲು ಒದ್ದಾಡುತ್ತಿದ್ದ ಆಮೆ, ತಾನಿಟ್ಟದ್ದನ್ನು ತಾನೇ ತುಳಿದಿತ್ತು.

ಆವಲಪ್ಪ ಅದನ್ನೆತ್ತಿ ಹಿತ್ತಲಿನ ಕೆಮ್ಮಣ್ಣಿನ ಮೇಲೆ ಬಿಟ್ಟ. ಬಿಟ್ಟದ್ದೇ ತಡ, ಒಂದು ಕಾಲಾದ ಮೇಲೆ ಇನ್ನೊಂದು ಕಾಲಿನಿಂದ ಹದವಾಗಿ ತೋಡತೊಡಗಿತು. "ಹೊಟ್ಟೇಲಿ ಇನ್ನೂ ಅವೆ ಕಣೇ," ಎಂದ ಆವಲಪ್ಪ. ಇಬ್ಬರೂ ಕುಕ್ಕರಗಾಲಲ್ಲಿ ಕೂತರು. ಗುಂಡಿ ಅರ್ಧ ಗೇಣು ಆಳವಾಯಿತು. ಆಮೆ ಅದರ ಮೇಲೆ ತುಂಬಾ ಹೊತ್ತು ಅಲುಗಾಡದೆ ನಿಂತಿತು. ಏನೂ ಬೀಳಲಿಲ್ಲ. ಆಮೇಲೆ ಮಣ್ಣೆಳೆದು ಖಾಲಿ ಗುಂಡಿಯನ್ನು ಮುಚ್ಚಿ, ಹೊಟ್ಟೆಯಿಂದ ಒತ್ತಿ ಒತ್ತಿ ನೆಲ ಸಮ ಮಾಡತೊಡಗಿತು.

"ಯೋಳ್ರೀ ಅದಕ್ಕೆ," ಎಂದಳು ಮುನಿಕೆಂಪಮ್ಮ, ಗಂಡನ ತೋಳು ಹಿಡಿದು. "ಅದ್ರೊಳಗೇನೂ ಇಲ್ಲ ಅಂತ ಯೋಳ್ರೀ."