ಗೋಡೆಯ ಮೋಡ

“ನಾಳೆ ಬೆಳಿಗ್ಗೆ ಈ ಗೋಡೆಗೆ ಬಿಳಿ ಪೈಂಟ್ ಹೊಡೆಸ್ತೇನೆ. ಬೇಜಾರು ಮಾಡ್ಬೇಡ ಹನಾ,” ಎಂದು ಹೋಟೆಲಿನ ರಮಾನಾಥಣ್ಣ ಹೇಳಿದ್ದೇ ತಡ, ಹನಾಳ ಕೈಯಲ್ಲಿದ್ದ ಗೋಳಿಬಜೆ ಚಟ್ನಿಯೊಳಗೆ ಬಿತ್ತು.

ಬೇರೆ ಹುಡುಗಿಯಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಹನಾ “ಆಯ್ತು” ಎಂದಳು. ಯಾರು ಏನು ಹೇಳಿದರೂ ಮೊದಲು ಆಯ್ತು ಎಂದುಬಿಡುವುದು, ಆಮೇಲೆ ಮನೆಗೆ ಹೋಗಿ ಅಡುಗೆಕೋಣೆಯ ಬಾಗಿಲ ಹಿಂದೆ ನಿಂತು ಅಳುವುದು ಅವಳ ಕ್ರಮ. ಆದರೆ ಇದು ಅವಳು ಚಿತ್ರ ಬರೆದ ಮೊದಲ ಗೋಡೆ. ಎದುರುಗಡೆ ಮೂರು ಮಾಳಿಗೆಯ ಕಟ್ಟಡ ಎದ್ದ ಮೇಲೆ ಬೆಳ್ತಂಗಡಿಯ ಈ ಹೋಟೆಲಿನಿಂದ ಗಡಾಯಿಕಲ್ಲು ಕಾಣದಾಗಿತ್ತು. ಆ ಗುಡ್ಡವನ್ನು ಒಳಗೇ ತಂದುಕೊಡು ಎಂದು ಕೇಳಿದವರು ರಮಾನಾಥಣ್ಣನೇ. ಅವಳು ತಂದೇ ಇಟ್ಟಿದ್ದಳು: ಬೋಳು ನೆತ್ತಿಯ ಆ ಕರೀ ಬಂಡೆ, ಅದರ ಬುಡದಲ್ಲಿ ಕಾಡು, ಹಿಂದೆ ನೀಲಿ ನೀಲಿ ಘಟ್ಟ. ಕೆಳಗೆ ಮೂಲೆಯಲ್ಲಿ, ಇರುವೆ ಹೋದ ಹಾಗೆ, ತನ್ನ ಹೆಸರು.

“ಚಂದ ಆಗ್ಲಿಲ್ವಾ?” ಎಂದು ಹೇಗೋ ಕೇಳಿದಳು.

“ಚಂದ ಆದದ್ದೇ ತೊಂದರೆ! ಒಂದು ಚಾ ತಗೊಂಡು ಕೂತವರು ಏಳುವುದೇ ಇಲ್ಲ. ಗುಡ್ಡೆ ನೋಡ್ತಾರಂತೆ! ಬಸ್ಸಿಂದ ಇಳಿದು ಬಂದವರು ನಿಂತುಕೊಂಡು ತಿನ್ಬೇಕು. ನಾನು ಹೋಟೆಲ್ ಇಟ್ಟದ್ದಾ, ಧ್ಯಾನಮಂದಿರ ಇಟ್ಟದ್ದಾ?”

“ಕೂತ್ರೆ ನಿಮಗೆ ಎಂತ, ರಮಾನಾಥಣ್ಣ?” ಎಂದರು ಗೋಡೆಯೆದುರು ಕುಳಿತಿದ್ದ ಸಫಿಯಮ್ಮ. “ಆ ಬಂಡೆಯ ಎಡಬದಿಗೆ ನಮ್ಮ ಮನೆ ಬರ್ಬೇಕು. ಹುಡುಕ್ತಾ ಇದ್ದೇನೆ.”

“ನಿನ್ನೆ ಹುಡುಕಿದ್ದು ಸಾಕಾಗ್ಲಿಲ್ವಾ?”

“ನಿನ್ನೆ ಕನ್ನಡಕ ತರ್ಲಿಲ್ಲ.”

ರಮಾನಾಥಣ್ಣ ಹಣೆ ಚಚ್ಚಿಕೊಂಡರು. ಹನಾಳ ಕಡೆ ಬಗ್ಗಿ, “ಇಲ್ಲದಿದ್ರೆ ಒಂದು ಕೆಲಸ ಮಾಡು. ಇವತ್ತೇ ಅಲ್ಲೊಂದು ಚಿರತೆ ಬರೆ, ಬಾಯಿ ತೆರೆದದ್ದು. ಹೆದರಿ ಏಳಲಿ. ಎದ್ರೆ ನಿನ್ನ ಗೋಡೆ ಉಳೀತು,” ಎಂದರು.

ಹನಾ ಯೋಚಿಸಿದಳು. ಚಿರತೆ ಬಂದರೆ ಅದು ಯಾರ ಮನೆಯ ನಾಯಿಯನ್ನು ಹಿಡಿದದ್ದು ಎಂಬ ಮಾತು ಶುರುವಾಗುತ್ತದೆ. ಆಮೇಲೆ ಸಂಜೆಯವರೆಗೆ ಒಬ್ಬರೂ ಕದಲುವುದಿಲ್ಲ. “ಆಯ್ತು,” ಎಂದು ಬ್ರಶ್ಶು ತರಲು ಹೋದಳು. ಬೇಸಿಗೆಯ ಬಿಸಿಲು ರಣಗುಟ್ಟುತ್ತಿತ್ತು. ದಾರಿಯುದ್ದಕ್ಕೂ ಅಂಗಳ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಲು ಹಾಕಿದ್ದರು. ಅದನ್ನು ನೋಡುತ್ತಾ ಬಂದವಳು, ಊಟದ ಗಲಾಟೆ ಮುಗಿದ ಮೇಲೆ ಸ್ಟೂಲು ಹತ್ತಿ ಒಂದು ಕಪ್ಪು ಮೋಡ ಬರೆದಳು. ದೊಡ್ಡದೇನಲ್ಲ. ಈ ಊರಿಗೆ ಅದು ಬರುವ ಹಾಗೆಯೇ, ಬಂಡೆಯ ಬೆನ್ನ ಹಿಂದಿನಿಂದ ಕಳ್ಳನಂತೆ ಇಣುಕುವ ಮೋಡ.

ಸಂಜೆಯ ಚಾಕ್ಕೆ ಸಫಿಯಮ್ಮ ಬಂದು ಕುಳಿತರು. ಗ್ಲಾಸನ್ನು ತುಟಿಗಿಟ್ಟು ಗೋಡೆಯತ್ತ ಕಣ್ಣೆತ್ತಿದರು.

“ಯಾ ಅಲ್ಲಾಹ್! ಅಂಗಳದಲ್ಲಿ ಹಪ್ಪಳ!”

ಎಡಗಾಲಿಗೆ ಬಲಗಾಲಿನ ಚಪ್ಪಲಿ ಸಿಕ್ಕಿಸಿಕೊಂಡು ಅವರು ಓಡಿದರು. ಪಕ್ಕದ ಮೇಜಿನ ಹುಕ್ರಪ್ಪ ಗೋಡೆ ನೋಡಿದರೇ ಹೊರತು ಬಾಗಿಲಾಚೆಯ ಬಿಸಿಲನ್ನು ನೋಡಲಿಲ್ಲ. “ಹೌದಲ್ಲ ಮಾರಾಯ್ರೇ, ಗಡಾಯಿಕಲ್ಲಿಗೆ ಕಪ್ಪು ಹಿಡಿದಿದೆ! ನನ್ನ ಕೊಬ್ಬರಿ ಹೋಯ್ತು!” ಎಂದು ಅವರೂ ಎದ್ದರು. ಅವರ ಹಿಂದೆ ಉಳಿದವರೂ. ಹುಟ್ಟಿದಂದಿನಿಂದ ಆ ಗುಡ್ಡಕ್ಕೆ ಮೋಡ ಕವಿದದ್ದು ಕಂಡರೆ ಮಳೆ ಬಂತೆಂದು ಓಡಿದ ಕಾಲುಗಳು. ತಲೆಯನ್ನು ಒಂದು ಮಾತು ಕೇಳುವ ಅಭ್ಯಾಸ ಅವಕ್ಕಿರಲಿಲ್ಲ.

ಖಾಲಿ ಹೋಟೆಲಿನ ನಡುವೆ ನಿಂತು ರಮಾನಾಥಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. “ಭಾರೀ ಇದ್ದೀಯಲ್ಲ ನೀನು! ಏನೂ ತಿಳಿಯದ ಪಾಪದವಳು ಅಂತ ನಾನು ಗ್ರಹಿಸಿದ್ದೆ. ಪೈಂಟಿನವನಿಗೆ ಈಗಲೇ ಫೋನ್ ಮಾಡಿ ಬೇಡ ಅಂತ ಹೇಳ್ತೇನೆ.”

ಫೋನನ್ನು ಕಿವಿಗಿಟ್ಟು ಗೋಡೆಯನ್ನು ಇನ್ನೊಮ್ಮೆ ನೋಡಿದರು. ನಗು ಅರ್ಧಕ್ಕೇ ನಿಂತಿತು.

“ಹನಾ, ಒಂದು ಗಳಿಗೆ ಕೌಂಟರ್ ನೋಡಿಕೋ. ಟೆರೇಸಿನಲ್ಲಿ ಬಟ್ಟೆ ಉಂಟು.”

“ರಮಾನಾಥಣ್ಣ, ಅದು ನಾನು ಬರೆದದ್ದು!”

“ಗೊತ್ತುಂಟು ಮಾರಾಯ್ತಿ, ಗೊತ್ತುಂಟು,” ಎಂದರು ಅವರು, ಆಗಲೇ ಎರಡೆರಡು ಮೆಟ್ಟಿಲು ಹಾರುತ್ತಾ. “ಆದರೂ ಕಂಡ ಮೇಲೆ ಸುಮ್ಮನೆ ಕೂರ್ಲಿಕ್ಕೆ ಆಗ್ತದಾ?”