ಹಲಗೆ ಕಾಯಿಸಿದ ಬೆಂಕಿ

ಜುಬೇದಾ ಬೀಯ ಮರ್ಯಾದೆ ತೆಗೆಯಲೆಂದೇ ಬಂದ ಹಲಗೆ ಅವಳ ಕಟ್ಟಿಗೆ ಅಡ್ಡೆಯ ಮುಂದೆ ಸದ್ದೇ ಮಾಡಲಿಲ್ಲ. ರಾತ್ರಿ ಬಿದ್ದ ಅಕಾಲದ ಮಳೆಗೆ ಚರ್ಮ ಮೆತ್ತಗಾಗಿತ್ತು. ಪಂಚಾಯಿತಿ ಕೂಲಿಗೆ ಕರೆದಿದ್ದ ಜೋಗಪ್ಪ ಬಡಿದರೆ ಒದ್ದೆ ಗೋಣಿಚೀಲಕ್ಕೆ ಬಡಿದ ಹಾಗೆ ಧಪ್ ಎಂದಿತು. ಓಣಿಯ ಹೆಂಗಸರು ಆಗಲೇ ಬಾಗಿಲಿಗೆ ಬಂದು ನಿಂತಿದ್ದರು. ತೆರಿಗೆ ಕಟ್ಟದವರ ಮನೆ ಮುಂದೆ ಹಲಗೆ ಬಡಿಸುವುದು ಪಂಚಾಯಿತಿಯ ಮಾರ್ಚ್ ತಿಂಗಳ ಹಬ್ಬ. ಅದನ್ನು ತಪ್ಪಿಸಿಕೊಳ್ಳುವವರು ಯಾರು?

"ಜುಬೇದಕ್ಕಾ, ಒಂದೀಟು ಚಕ್ಕಿ ಕೊಡು, ಹಲಗಿ ಕಾಯಿಸ್ಕಂತೀನಿ," ಎಂದ ಜೋಗಪ್ಪ, ತಲೆ ಎತ್ತದೆ. ಮದುವೆಯಿರಲಿ ಸಾವಿರಲಿ, ಅವನ ಹಲಗೆ ಕಾಯುತ್ತಿದ್ದುದು ಇವಳ ಅಡ್ಡೆಯ ಚಕ್ಕೆಗಳಿಂದಲೇ. ಇವತ್ತು ಬೇರೆ ಕಡೆ ಕೇಳಬೇಕೆಂದು ಅವನಿಗೆ ತೋಚಲೇ ಇಲ್ಲ.

"ನನ್ನ ಬೆಂಕ್ಯಾಗ ಕಾಯಿಸಿ ನನ್ನ ಮುಂದನ ಬಡೀತೀಯೇನೋ? ಬಾ, ಕಾಯಿಸ್ಕ." ಅವಳೇ ಚಕ್ಕೆ ಸುರಿದು ಕಡ್ಡಿ ಗೀರಿದಳು.

ಪಂಚಾಯಿತಿಯ ಬಿಲ್ ಕಲೆಕ್ಟರ್ ಅರುಣಕುಮಾರ್ ಗಂಟಲು ಸರಿಮಾಡಿಕೊಂಡ. "ಅಮ್ಮಾ, ಇದನ್ನ ಬಡಿಸೋ ಆಸಿ ನನಗೂ ಇಲ್ರಿ. ಅಡ್ಡೆದ ತೆರಿಗಿ ಕಟ್ಟಿಬಿಡ್ರಿ. ಇಲ್ಲಾಂದ್ರ ಸಂಜಿಗೆ ಬೀಗ ಹಾಕಬೇಕಾಕ್ಕೈತಿ."

ಬೀಗ ಬಿದ್ದರೆ ಅವಳಿಂದ ಕಟ್ಟಿಗೆ ಒಯ್ಯುವ ಹರಪನಹಳ್ಳಿಯ ಮಂಡಕ್ಕಿ ಭಟ್ಟಿಯವರು ನಾಳೆಯೇ ಬೇರೆ ಅಡ್ಡೆ ನೋಡಿಕೊಳ್ಳುತ್ತಾರೆ. ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೂ ಅವಳ ದನಿ ತಗ್ಗಲಿಲ್ಲ.

"ದುಡ್ಡಿಲ್ದ ಬಿಟ್ಟಿಲ್ಲಪಾ, ಮನಸ್ಸಿಲ್ದ ಬಿಟ್ಟೀನಿ." ಅವಳು ಗುಡ್ಡದ ಕಡೆ ಕೈ ಮಾಡಿದಳು. ಅಲ್ಲಿ ಕಂಪನಿಯ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. "ಆ ಫ್ಯಾನಿನ ಕಂಪನಿಗಿ ತೆರಿಗಿ ಮಾಫಿ ಅಂತಲ್ಲ, ಯಾಕ?"

"ಅದು ಇಂಧನ ಉದ್ಯಮ ರೀ. ಸರ್ಕಾರ ಪ್ರೋತ್ಸಾಹ ಕೊಟ್ಟೈತಿ. ಕೊಡದಿದ್ರ ಅವರು ಬ್ಯಾರೆ ರಾಜ್ಯಕ್ಕ ಹೋಗ್ತಾರ. ಹೊಗಿ ಇಲ್ಲದ ಕರೆಂಟು ಎಲ್ಲಾರಿಗೂ ಬೇಕಲ್ರಿ?"

"ಮತ್ತ ನಂದೇನು ಹೂವಿನ ಅಂಗಡೀನಾ? ಕಟ್ಟಿಗಿ, ಕುಳ್ಳು, ಇದ್ದಲಿ. ನಂದೂ ಇಂಧನಾನ. ಹೊಗಿ ಬರ್ತೈತಿ, ಒಪ್ಕಂತೀನಿ. ಫ್ಯಾನು ತಿರುಗಲಿ, ಬ್ಯಾಡಂದೋರು ಯಾರು? ಆದ್ರ ಹೋಗಿಬಿಡ್ತಾರ ಅಂತೀಯಲ್ಲ, ಗಾಳಿ ಇರೋದು ನಮ್ಮ ಗುಡ್ಡದಾಗ. ಅದನ್ನ ಚೀಲದಾಗ ತುಂಬ್ಕಂಡು ಹೋಗ್ತಾರೇನು?"

ಅರುಣಕುಮಾರ್ ಗುಡ್ಡ ನೋಡಿದ, ನೆಲ ನೋಡಿದ. "ಮ್ಯಾಲಿನವರ ಆದೇಶ ರೀ," ಎಂದ.

ಅಷ್ಟರಲ್ಲಿ ಹಲಗೆ ಕಾಯ್ದಿತ್ತು. ಬೆರಳು ತಾಗಿದರೆ ಸಾಕು ಟಣ್ ಎನ್ನುತ್ತಿತ್ತು. ಜೋಗಪ್ಪ ಕೋಲೆತ್ತಿದ, ಬಡಿಯದೆ ಮತ್ತೆ ಇಳಿಸಿದ.

"ಬಡಿ ಜೋಗಪ್ಪ. ನಿನ್ನ ಕೂಲಿ ಯಾಕ ಕಳಕಂತಿ?"

ಅವನು ಬಡಿದ. ಅರುಣಕುಮಾರ್ ಅವಳ ಹೆಸರು ಕೂಗಿದ. ಮದುವೆಯಾಗಿ ಈ ಓಣಿಗೆ ಬಂದಂದಿನಿಂದ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ ಜುಬೇದಾ ಬೀ. ಅವಮಾನಕ್ಕೆ ಕಿವಿ ಸುಟ್ಟವು. ಆದರೆ ಸೆರಗನ್ನು ಮುಖಕ್ಕೆ ಎಳೆದುಕೊಳ್ಳಲಿಲ್ಲ. ಹಲಗೆ ನಿಂತ ಮೇಲೆ ಸೊಂಟದ ಸಂಚಿ ಬಿಚ್ಚಿ ತೆರಿಗೆಯನ್ನು ಪೂರ್ತಿ ಕೊಟ್ಟಳು, ರಸೀದಿ ಇಸಿದುಕೊಂಡಳು.

"ಈಗ ನನ್ನ ಮ್ಯಾಲ ಬಾಕಿ ಇಲ್ಲ, ಹೌದಿಲ್ಲೋ?"

"ಇಲ್ರಿ."

"ಜೋಗಪ್ಪ, ಪಂಚಾಯ್ತೇರು ನಿನ್ನ ಕೂಲಿ ಎಷ್ಟೊತ್ತಿನತನಕ ಮಾತಾಡ್ಯಾರ?"

"ಹೊತ್ತು ಮುಣುಗೋತನಕ, ಅಕ್ಕಾ. ನಿಂದ ಕೊನೀ ಮನಿ."

"ಹೊತ್ತು ಇನ್ನಾ ನೆತ್ತಿ ಮ್ಯಾಲ ಐತಿ. ನಡಿ, ಕಂಪನಿ ಗೇಟಿಗೆ ಹೋಗಾಣ."

ಅರುಣಕುಮಾರ್ ಗಾಬರಿಯಾದ. "ಅಲ್ಲಿ ಬಡಿಯಂಗಿಲ್ರಿ! ಅವರದೇನೂ ಬಾಕಿ ಇಲ್ಲ!"

"ಬಾಕಿಯ ಬಡಿತ ಬಡಿ ಅಂತ ಯಾರಂದ್ರು? ಇವನಿಗೆ ಬ್ಯಾರೆ ಬಡಿತಾನೂ ಬರ್ತಾವ."

"ಜೋಗಪ್ಪ, ಹೋದ್ಯಂದ್ರ ಮುಂದಿನ ವರ್ಷ ನಿನ್ನ ಕರೆಯಂಗಿಲ್ಲ ನೋಡು."

ಜೋಗಪ್ಪ ಹಲಗೆಯನ್ನು ಹೆಗಲಿಗೇರಿಸಿದ. "ಕರೀಬ್ಯಾಡ್ರಿ. ಬಡವರ ಬಾಗಿಲಿಗೆ ಬಡದು ಬಡದು ನನಗೂ ಸಾಕಾಗೇತಿ."

ಒಂದು ಬುಟ್ಟಿ ಚಕ್ಕೆ ಹೊತ್ತು ಅವಳು ಮುಂದೆ, ಹಲಗೆ ಹೊತ್ತು ಅವನು ಹಿಂದೆ. ಓಣಿಯ ಹೆಂಗಸರಲ್ಲಿ ಅರ್ಧ ಜನ ಒಲೆ ಆರಿಸಿ ಅವರ ಬೆನ್ನು ಹತ್ತಿದರು. ಅರುಣಕುಮಾರನೂ ಬೈಕಿನಲ್ಲಿ ಬಂದ; ತಡೆಯುವುದಕ್ಕೋ ನೋಡುವುದಕ್ಕೋ ಅವನಿಗೇ ತಿಳಿಯದು.

ಗುಡ್ಡದ ಬುಡದಲ್ಲಿ, ಕಂಪನಿಯ ಗೇಟಿನೆದುರು ಮತ್ತೆ ಬೆಂಕಿ ಹೊತ್ತಿತು, ಮತ್ತೆ ಹಲಗೆ ಕಾಯಿತು. ಈ ಸಲ ಜೋಗಪ್ಪ ಬಡಿದದ್ದು ಮದುಮಗನನ್ನು ಊರ ಬಾಗಿಲಲ್ಲಿ ಎದುರುಗೊಳ್ಳುವ ಬಡಿತ. ಕಾವಲುಗಾರನ ಕಾಲು ತಾನಾಗಿಯೇ ಕುಣಿಯಿತು. ತಣ್ಣನೆಯ ಕೋಣೆಯಿಂದ ಮ್ಯಾನೇಜರು ಹೊರಗೆ ಬಂದರು. ಜನ, ಬೆಂಕಿ, ಹಲಗೆ ನೋಡಿ ಖುಷಿಯಾಗಿ ಮೊಬೈಲ್ ಎತ್ತಿ ಚಿತ್ರೀಕರಿಸತೊಡಗಿದರು.

"ಏನಮ್ಮಾ ವಿಶೇಷ? ನಮಗೆ ಸ್ವಾಗತವೇ?"

"ಹೂನ್ರಿ. ಸರ್ಕಾರ ನಿಮ್ಮನ್ನ ಅಳಿಯನ್ನ ಮಾಡ್ಕಂಡಿದ್ದು ನಮಗ ಗೊತ್ತಾಗಿದ್ದ ತಡ ಆತು." ಜುಬೇದಾ ಬೀ ಅವರ ಮುಖದ ಮುಂದೆ ಕೈಯಾಡಿಸಿ, ತನ್ನ ಕೆನ್ನೆಯ ಹತ್ತಿರ ಲಟಲಟನೆ ಲಟಿಕೆ ಮುರಿದು ದೃಷ್ಟಿ ತೆಗೆದಳು. "ಊಟದ ಖರ್ಚೆಲ್ಲ ನಮ್ಮ ಓಣೇರದು, ಅದರ ಚಿಂತಿ ಬಿಡ್ರಿ. ಮಾವನ ಮನಿ ಹಿಡಿಸೇತಿಲ್ರಿ, ಅಳಿಯಾರ?"